ಚಕ್ರದ ಹುಸಿ ಸುದ್ದಿ

ಅಮೆರಿಕದ ಮಿಷಿಗನ್ ರಾಜ್ಯ. ಚಳಿಗಾಲ ಕಳೆದು ಹಿಮವೆಲ್ಲ ಕರಗಿಹೋಗಿದೆ. ಇಪ್ಪತ್ತು ವರ್ಷಕ್ಕೂ ಮೀರಿದ ಹಳೆಯ ಪಿಕಪ್ ಟ್ರಕ್ಕೊಂದು ನಾಲ್ಕು ರಸ್ತೆ ಕೂಡುವಲ್ಲಿಗೆ ಬರುತ್ತದೆ. ರಸ್ತೆ ಒಣಗಿದೆ, ವೇಗವೂ ಹೆಚ್ಚಿಲ್ಲ. ಚಾಲಕನು ಮೆಲ್ಲನೆ ಬ್ರೇಕನ್ನು ಒತ್ತುತ್ತಾನೆ. ಗಾಡಿ ಇನ್ನೇನು ನಿಂತಿತು ಎನ್ನುವಾಗ ಪಾದದಡಿಯ ಪೆಡಲು ಗಡಗಡನೆ ನಡುಗುತ್ತದೆ. ಗಾಡಿಯು ನಿಲ್ಲದೆ ಕೆಲವು ಅಡಿ ಮುಂದಕ್ಕೆ ಸಾಗುತ್ತದೆ. ಆ ಕೆಲವು ಅಡಿಗಳೊಳಗೆ ರಸ್ತೆ ದಾಟುವ ಮಗುವೊಂದು ಇದ್ದರೆ?

ಬ್ರೇಕು ಕೆಟ್ಟಿತೆಂದು ಚಾಲಕನು ಹೆದರುವುದು ಸಹಜ. ಆದರೆ ನಿಜ ಸಂಗತಿಯೇ ಬೇರೆ. ಬ್ರೇಕು ಕೆಟ್ಟಿಲ್ಲ; ಬ್ರೇಕನ್ನು ಕಾಯುವ ಕಾವಲುಗಾರನು ಹುಸಿ ಸುದ್ದಿಯನ್ನು ನಂಬಿದ್ದಾನೆ.

ಆ ಕಾವಲುಗಾರನ ಹೆಸರು ಎ.ಬಿ.ಎಸ್. ಜರ್ಮನಿಯ ಬಾಷ್ ಸಂಸ್ಥೆಯು ಸಿದ್ಧಪಡಿಸಿದ ಈ ಸಾಧನವನ್ನು 1978ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಅಳವಡಿಸಲಾಯಿತು. ಜಾರುವ ನೆಲದಲ್ಲಿ ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರವು ತಿರುಗುವುದನ್ನು ನಿಲ್ಲಿಸಿ ಉಜ್ಜಿಕೊಂಡು ಹೋಗುತ್ತದೆ. ಆಗ ಚಾಲಕನು ಎತ್ತ ತಿರುಗಿಸಿದರೂ ವಾಹನವು ಮಾತು ಕೇಳದು. ಎ.ಬಿ.ಎಸ್. ಆ ಚಕ್ರದ ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ, ಮತ್ತೆ ಬಿಗಿದು, ಚಕ್ರವು ಉರುಳುತ್ತಿರುವಂತೆ ನೋಡಿಕೊಳ್ಳುತ್ತದೆ. ಪೆಡಲಿನ ನಡುಕಕ್ಕೆ ಇದೇ ಕಾರಣ.

ಚಕ್ರವು ನಿಂತಿತೆಂದು ಅದಕ್ಕೆ ತಿಳಿಯುವುದು ಹೇಗೆ? ಚಕ್ರದೊಡನೆ ಹಲ್ಲುಗಳುಳ್ಳ ಒಂದು ಬಳೆಯು ತಿರುಗುತ್ತದೆ. ಅದರ ಪಕ್ಕದಲ್ಲಿ, ಕೂದಲೆಳೆಯಷ್ಟು ಅಂತರದಲ್ಲಿ, ಅಯಸ್ಕಾಂತ ಮತ್ತು ತಂತಿಯ ಸುರುಳಿಯಿಂದಾದ ಸೆನ್ಸರು ಇರುತ್ತದೆ. ಒಂದೊಂದು ಹಲ್ಲು ಹಾದುಹೋದಂತೆ ಸುರುಳಿಯಲ್ಲಿ ವಿದ್ಯುತ್ತಿನ ಒಂದು ಅಲೆ ಹುಟ್ಟುತ್ತದೆ. ವೇಗ ಹೆಚ್ಚಿದಂತೆ ಅಲೆ ಬಲವಾಗುತ್ತದೆ. ವೇಗ ತಗ್ಗಿದಂತೆ ಕ್ಷೀಣಿಸುತ್ತದೆ. ಹಳೆಯ ವಾಹನಗಳ ರೋಗವೆಲ್ಲ ಇಲ್ಲಿಯೇ ಮನೆಮಾಡಿದೆ.

ಅಮೆರಿಕದ ಉತ್ತರ ಭಾಗದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವರು. ಆ ಉಪ್ಪುನೀರು ಚಕ್ರದ ಹಬ್ಬಿಗೆ ತಗುಲಿ ಸೆನ್ಸರಿನ ಕೆಳಗೆ ತುಕ್ಕು ಬೆಳೆಯುತ್ತದೆ. ಸೆನ್ಸರನ್ನು ಮೆಲ್ಲಮೆಲ್ಲನೆ ಮೇಲೆತ್ತುತ್ತದೆ. ಅಂತರ ಹೆಚ್ಚಿ ಅಲೆ ಸೊರಗುತ್ತದೆ. ಗಾಡಿ ನಿಲ್ಲುವ ಹೊತ್ತಿಗೆ ಆ ಅಲೆಯು ಸಂಪೂರ್ಣ ಅಡಗಿ, ಚಕ್ರ ಉರುಳುತ್ತಿದ್ದರೂ ನಿಂತಿತೆಂದು ಗಣಕವು ಭ್ರಮಿಸಿ ಬ್ರೇಕನ್ನು ಸಡಿಲಿಸಿಬಿಡುತ್ತದೆ. ಇದೇ ದೋಷಕ್ಕಾಗಿ ಜನರಲ್ ಮೋಟಾರ್ಸ್ ಸಂಸ್ಥೆಯು 2005ರಲ್ಲಿ, 1999ರಿಂದ 2002ರ ವರೆಗಿನ ಮಾದರಿಗಳ ಸುಮಾರು 8 ಲಕ್ಷ ಟ್ರಕ್ಕು ಮತ್ತು ಎಸ್.ಯು.ವಿ.ಗಳನ್ನು ಉಪ್ಪು ಬಳಸುವ ರಾಜ್ಯಗಳಲ್ಲಿ ದುರಸ್ತಿಗಾಗಿ ಹಿಂದಕ್ಕೆ ಕರೆಯಿತು.

ಈ ರೋಗದ ಒಂದು ಮೋಸವೆಂದರೆ ಎಚ್ಚರಿಕೆಯ ದೀಪವು ಹೊತ್ತದೆಯೂ ಇರಬಹುದು. ಗಣಕಕ್ಕೆ ತಾನು ಮೋಸಹೋದ ಅರಿವೇ ಇರುವುದಿಲ್ಲ. ಹಳದಿಯ ಎ.ಬಿ.ಎಸ್. ದೀಪವೊಂದೇ ಹೊತ್ತಿದರೆ ಕಾವಲುಗಾರನು ಕೆಲಸ ಬಿಟ್ಟನೆಂದು ಅರ್ಥ. ಸಾಮಾನ್ಯ ಬ್ರೇಕು ಉಳಿದಿರುತ್ತದೆ. ಕೆಂಪು ದೀಪವೂ ಜೊತೆಗೂಡಿದರೆ ಗಾಡಿಯನ್ನು ಓಡಿಸತಕ್ಕದ್ದಲ್ಲ. ಮೊದಲು ಬ್ರೇಕಿನ ಎಣ್ಣೆಯ ಮಟ್ಟವನ್ನು ನೋಡಬೇಕು.

ಬಲ್ಲ ಮೆಕ್ಯಾನಿಕನು ದುಬಾರಿಯ ಗಣಕವನ್ನು ಮೊದಲೇ ಬದಲಿಸಹೋಗುವುದಿಲ್ಲ. ಪರೀಕ್ಷಾ ಯಂತ್ರವನ್ನು ಜೋಡಿಸಿ, ನಿರ್ಜನ ಬಯಲಿನಲ್ಲಿ ಗಾಡಿಯನ್ನು ನೇರವಾಗಿ ಓಡಿಸಿ ಮೆಲ್ಲನೆ ನಿಲ್ಲಿಸುತ್ತಾನೆ. ಪಕ್ಕದಲ್ಲಿ ಕುಳಿತವನು ಚಕ್ರಗಳ ವೇಗವನ್ನು ಯಂತ್ರದಲ್ಲಿ ಓದುತ್ತಾನೆ. ಉಳಿದವುಗಳಿಗಿಂತ ಮುಂಚೆ ಸೊನ್ನೆಗೆ ಇಳಿಯುವ ಚಕ್ರವೇ ಸುಳ್ಳುಗಾರ. ಅನಂತರ ಗಾಡಿಯನ್ನು ಭದ್ರವಾದ ಆಸರೆಗಳ ಮೇಲೆ ಎತ್ತಿ ನಿಲ್ಲಿಸಿ, ಆ ಚಕ್ರವನ್ನು ಕೈಯಿಂದ ತಿರುಗಿಸಿ, ಸೆನ್ಸರಿನಲ್ಲಿ ಹುಟ್ಟುವ ವಿದ್ಯುತ್ತನ್ನು ಎದುರಿನ ಚಕ್ರದೊಡನೆ ಹೋಲಿಸುತ್ತಾನೆ. ಚಕ್ರವನ್ನು ಅಲುಗಿಸಿ ಬೇರಿಂಗು ಸಡಿಲವಾಗಿದೆಯೇ ಎಂದು ನೋಡುತ್ತಾನೆ. ಮುಂಚಕ್ರದೊಡನೆ ಬಾಗಿ ಬಾಗಿ ಸವೆದ ತಂತಿಯನ್ನೂ ಮರೆಯುವುದಿಲ್ಲ.

ಚಿಕಿತ್ಸೆಯೂ ಅನೇಕ ವೇಳೆ ಸುಲಭವೇ. ಸೆನ್ಸರನ್ನು ಬಿಚ್ಚಿ, ಅದು ಕೂರುವ ಜಾಗದ ತುಕ್ಕನ್ನು ಲೋಹ ಕಾಣುವವರೆಗೆ ಉಜ್ಜಿ, ತುಕ್ಕುನಿರೋಧಕವನ್ನು ಬಳಿದು ಮತ್ತೆ ಕೂಡಿಸಬೇಕು. ತುಕ್ಕನ್ನು ತೆಗೆಯದೆ ಹೊಸ ಸೆನ್ಸರನ್ನು ಕೂಡಿಸಿದರೆ ಹಣ ಹೋಗುವುದು, ರೋಗ ಉಳಿಯುವುದು. ಬೇಸತ್ತ ಕೆಲವರು ಎ.ಬಿ.ಎಸ್.ನ ಫ್ಯೂಸನ್ನೇ ಕಿತ್ತುಬಿಡುತ್ತಾರೆ. ನಡುಕವೇನೋ ನಿಲ್ಲುತ್ತದೆ; ಆದರೆ ಮುಂದಿನ ಚಳಿಗಾಲದ ಹಿಮದ ಮೇಲೆ ಗಾಡಿಯನ್ನು ಕಾಯುವವರು ಯಾರೂ ಇರುವುದಿಲ್ಲ.

ಭಾರತದಲ್ಲಿಯೂ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆ. ಅವೂ ಒಂದು ದಿನ ಹಳತಾಗುವುವು. ದೀಪ ಹೊತ್ತಲಿ, ಹೊತ್ತದಿರಲಿ, ಒಣರಸ್ತೆಯಲ್ಲಿ ಮೆಲ್ಲನೆ ನಿಲ್ಲಿಸುವಾಗ ಪೆಡಲು ನಡುಗಿದರೆ ಅದನ್ನು ಕಡೆಗಣಿಸಬಾರದು. ಬೆಲೆಬಾಳುವ ಭಾಗಗಳ ಮಾತು ಆಮೇಲೆ. ಚಕ್ರದ ಬಳಿಯ ಚಿಟಿಕೆ ತುಕ್ಕನ್ನು ಮೊದಲು ಹುಡುಕುವುದೇ ಜಾಣತನ.