ಗುಡ್ಡದ ಮಂಗ ಯಾವ ಕಾಲಕ್ಕೆ ಏನು ತಿನ್ನುತ್ತದೆ?



ಅಳಿವಿನ ಅಂಚಿನ ಮಂಗವೆಂದರೆ ಸಿಂಗಳೀಕ ಎಂದು ಕೇಳಿರುತ್ತೀರಿ. ಅದು ಪಶ್ಚಿಮ ಘಟ್ಟದ ದಟ್ಟ ಕಾಡಿನದು. ನಮ್ಮ ಆನೆಗೊಂದಿ, ಅಂಜನಾದ್ರಿಯ ಕಲ್ಲುಗುಡ್ಡಗಳಲ್ಲಿರುವುದು ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂದಲುಳ್ಳ ಮಂಗ. ಕರಿಮುಖದ ಮುಸ್ಯಾ ಬೇರೆ ಜಾತಿ. ಈ ಟೊಪ್ಪಿಗೆ ಮಂಗದ ಮೂಲ ನೆಲೆ ದಕ್ಷಿಣ ಭಾರತ ಮಾತ್ರ. 2020ರಲ್ಲಿ ಇದನ್ನೂ ಅಪಾಯಕ್ಕೀಡಾದ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದೆ.

“ದಿನಾ ಹೊಲಕ್ಕೆ ನುಗ್ಗುವ ಮಂಗ ಕಡಿಮೆಯಾಗಿದೆ ಎಂದರೆ ನಂಬುವುದು ಹೇಗೆ?” ಎಂದು ಕೇಳುವಿರಿ. ಮೈಸೂರು ಸುತ್ತಲಿನ ಹೆದ್ದಾರಿಗಳಲ್ಲಿ 25 ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇಕಡ 65ರಷ್ಟು ಇಳಿದಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ರಸ್ತೆಬದಿಯ ಆಲ, ಅತ್ತಿ ಜಾತಿಯ ಮರಗಳು ಹೋದದ್ದು ಒಂದು ಮುಖ್ಯ ಕಾರಣ. ಮರ ಹೋದಲ್ಲಿ ಉಳಿದ ಮಂಗಗಳು ಗುಡಿಗೂ ಹೊಲಕ್ಕೂ ಬಂದು ಸೇರುತ್ತವೆ.

ಇದರ ಊಟದ ಕಾಲ ತಿಳಿದರೆ ಕಾವಲಿನ ಕಾಲವೂ ತಿಳಿಯುತ್ತದೆ.

ಮುಂಗಾರು: ನೇರಳೆ, ಬೇವಿನ ಹಣ್ಣು, ಎಳೆ ಚಿಗುರು, ಮಿಡತೆ, ಹುಳು. ಬಿತ್ತಿದ ಶೇಂಗಾ ಬೀಜ ಕೆದರುವುದೂ ಆಗಲೇ.

ಶ್ರಾವಣದಿಂದ ದೀಪಾವಳಿ: ಗುಡ್ಡದ ಸೀತಾಫಲ. ಹೊಲದಲ್ಲಿ ಮೆಕ್ಕೆಜೋಳದ ತೆನೆ, ಬಲಿತ ಶೇಂಗಾ.

ಸಂಕ್ರಾಂತಿಯ ಸುಮಾರಿಗೆ: ಬಾರಿ ಹಣ್ಣು, ಬಳಿಕ ಹುಣಸೆ.

ಶಿವರಾತ್ರಿಯಿಂದ ಬೇಸಿಗೆ: ಗುಡ್ಡ ಒಣಗುತ್ತದೆ. ಮರಿ ಹಾಕಿ ಹಾಲೂಡಿಸುವ ಕಾಲವೂ ಇದೇ. ಆಲ, ಅತ್ತಿ, ಬಸರಿ ಹಣ್ಣೂ ನೀರೂ ಸಿಗದಿದ್ದರೆ ನೀರಾವರಿ ಹೊಲಕ್ಕೆ ಇಳಿಯದೆ ಗತಿಯಿಲ್ಲ.

ನೀವು ಮಾಡಬೇಕಾದದ್ದು:

1. ಬಿತ್ತಿದ ಮೊದಲ ವಾರಗಳಲ್ಲಿ, ಕಾಯಿ ಬಲಿಯುವಾಗ ಅಕ್ಕಪಕ್ಕದ ಹೊಲದವರು ಸೇರಿ ಸರದಿ ಕಾವಲು ಹಾಕಿರಿ. ಮಂಗ ಗಲ್ಲದ ಚೀಲ ತುಂಬಿಕೊಂಡು ಕ್ಷಣದಲ್ಲಿ ಓಡುತ್ತದೆ. ತಡವಾಗಿ ಹೋದ ಕಾವಲು ಕೆಲಸಕ್ಕೆ ಬಾರದು.

2. ಆಲ, ಅತ್ತಿ, ಬಸರಿ, ನೇರಳೆಗಳನ್ನು ಹೊಲದ ಬದುವಿನಲ್ಲಲ್ಲ, ಬೆಳೆಯಿಂದ ದೂರ ಗುಡ್ಡದ ಬುಡದಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಸಿರಿ. ಆಲದ ತೋಳುಗಾತ್ರದ ಟೊಂಗೆಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟು ಮುಳ್ಳುಬೇಲಿ ಕಟ್ಟಿದರೆ ಚಿಗುರುತ್ತದೆ. ಆಲ, ಅತ್ತಿ ಜಾತಿಯ ಮರಗಳು ಒಂದೊಂದು ಒಂದೊಂದು ಕಾಲಕ್ಕೆ ಹಣ್ಣಾಗುವುದರಿಂದ ಹತ್ತಾರು ಮರಗಳಿದ್ದರೆ ಬೇಸಿಗೆಗೂ ಆಹಾರ ಉಳಿಯುತ್ತದೆ. ಫಲ ಕಾಣಲು ವರ್ಷಗಳು ಬೇಕು. ಅಲ್ಲಿಯವರೆಗೆ ಕಾವಲು ಬಿಡಬೇಡಿ.

3. ಗುಡಿಯ ಬಳಿ ಬಾಳೆಹಣ್ಣು, ಬಿಸ್ಕತ್ತು ಹಾಕಬೇಡಿ. ಕೈತಿನಿಸು ಕಲಿತ ಹಿಂಡು ಗುಡ್ಡಕ್ಕೆ ಮರಳಿ ಹೋಗುವುದು ಕಷ್ಟ.

4. ಹಿಡಿದು ಬೇರೆ ಊರಿನ ಹತ್ತಿರ ಬಿಟ್ಟರೆ ನಿಮ್ಮ ತೊಂದರೆ ಅವರಿಗೆ ವರ್ಗವಾಗುತ್ತದೆ, ಅಷ್ಟೆ. ವಿಷ ಹಾಕುವುದು, ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಹಾನಿಯಾದರೆ ಅರಣ್ಯ ಇಲಾಖೆಗೆ ಬರೆದು ತಿಳಿಸಿರಿ.

ಕುಷ್ಟಗಿ, ಯಲಬುರ್ಗಾದ ಶೇಂಗಾ ಹೊಲವಿರಲಿ, ಗಂಗಾವತಿ, ಕೊಪ್ಪಳದ ನೀರಾವರಿ ಹೊಲವಿರಲಿ, ಗುಡ್ಡದಲ್ಲಿ ಹಣ್ಣಿದ್ದಷ್ಟು ಬೆಳೆಗೆ ಕಾಟ ಕಡಿಮೆ. ಈ ಮಳೆಗಾಲಕ್ಕೆ ಊರಿಗೆ ಹತ್ತು ಟೊಂಗೆಯಾದರೂ ನೆಡಿರಿ.