ಮಸ್ಕಿಯ ಬಂಡೆಯೂ ಮೂರು ಗಣಕಗಳೂ

ಲಿಂಗಸುಗೂರಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನವು ಅಲ್ಲಲ್ಲಿ ಸವೆದಿದೆ. ಆದರೂ ಅದೇ ಲಿಪಿಯನ್ನು ಬ್ರಹ್ಮಗಿರಿ ಮೊದಲಾದೆಡೆಗಳಲ್ಲಿಯೂ ಕೊರೆಸಿದ್ದುದರಿಂದ ಲುಪ್ತಭಾಗಗಳನ್ನು ಪೂರೈಸುವುದು ಸಾಧ್ಯವಾಯಿತು. ಬ್ರಹ್ಮಗಿರಿಯಲ್ಲಿಲ್ಲದ ಅಶೋಕನೆಂಬ ಹೆಸರನ್ನು ಮಸ್ಕಿಯೇ ಒದಗಿಸಿತು.

ಒಂದೇ ದಾಖಲೆಯನ್ನು ಹಲವು ಗಣಕಗಳಲ್ಲಿರಿಸುವ ದತ್ತಸಂಚಯದ ತತ್ತ್ವವೂ ಇದೇ. ನಮ್ಮ ಕಾಲೇಜುಗಳು ಶಾಸನಪಾಠಗಳನ್ನು ಮೂರು ಹಳೆಯ ಗಣಕಗಳಲ್ಲಿ, ಲಿನಕ್ಸ್ ಮತ್ತು ಮರಿಯಾಡಿಬಿ ಗ್ಯಾಲೆರಾ ಎಂಬ ಉಚಿತ ತಂತ್ರಾಂಶಗಳ ನೆರವಿನಿಂದ, ಅಲ್ಪವ್ಯಯದಲ್ಲಿ ಕಾಪಾಡಬಹುದು. ಒಂದರಲ್ಲಿ ಬರೆದುದು ಮೂರರಲ್ಲಿಯೂ ನೆಲೆಗೊಳ್ಳುತ್ತದೆ.

ಎರಡೇ ಏಕೆ ಸಾಲವು? ಸಂಪರ್ಕ ಕಡಿದಾಗ, ತಾನು ಬೇರ್ಪಟ್ಟೆನೋ ಇನ್ನೊಂದು ಕೆಟ್ಟಿತೋ ಎಂಬುದು ಯಾವುದಕ್ಕೂ ತಿಳಿಯದು. ಮೂರಿದ್ದರೆ, ಕೂಡಿರುವ ಎರಡರ ಬಹುಮತದಿಂದ ಕಾರ್ಯವು ಮುಂದುವರಿಯುತ್ತದೆ.

ಆದರೆ ಇಲ್ಲಿ ಒಂದು ಅಪಾಯವುಂಟು. ಕೈತಪ್ಪಿ ಅಳಿಸಿದ ಸಾಲು ಕ್ಷಣದಲ್ಲಿ ಮೂರರಿಂದಲೂ ಅಳಿಯುತ್ತದೆ. ಬಂಡೆಗಳಿಗೆ ಈ ಭಯವಿರಲಿಲ್ಲ. ಒಂದರ ತಪ್ಪು ಇನ್ನೊಂದನ್ನು ಮುಟ್ಟದು. ಆದುದರಿಂದ ನಿತ್ಯವೂ ಒಂದು ಪ್ರತಿಯನ್ನು ಪ್ರತ್ಯೇಕವಾಗಿ ತೆಗೆದಿರಿಸತಕ್ಕದ್ದು.