ಹಳೆಯ ಕಾರನ್ನು ಎಳೆದೊಯ್ಯುವ ಬಗೆ

ಕೆಟ್ಟು ನಿಂತ ಕಾರನ್ನು ಮತ್ತೊಂದು ಗಾಡಿಗೆ ಹಗ್ಗದಿಂದ ಬಿಗಿದು ಎಳೆದೊಯ್ಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಂಜಿನು ಓಡುತ್ತಿಲ್ಲವಾದುದರಿಂದ ಕಾರಿನೊಳಗೆ ಸವೆಯುವುದೇನೂ ಇಲ್ಲವೆಂದು ನಾವು ಭಾವಿಸುವುದು ಸಹಜ. ಆದರೆ ವಾಸ್ತವಾಂಶವು ಇದಕ್ಕೆ ವಿರುದ್ಧವಾದುದು. ಎಂಜಿನು ನಿಂತಿರುವಾಗ ಚಕ್ರಗಳು ಉರುಳುವುದರಿಂದಲೇ ಕೆಲವು ಭಾಗಗಳಿಗೆ ಅಪಾಯ ಒದಗುತ್ತದೆ. ಬಿಡಿಭಾಗಗಳು ಸುಲಭವಾಗಿ ದೊರೆಯದ ಹಳೆಯ ಕಾರಿಗೆ ಇಂತಹ ಹಾನಿಯು ತುಂಬಲಾರದ ನಷ್ಟವಾಗಬಹುದು.

ಅಂಬಾಸಡರ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಇದರ ಉತ್ಪಾದನೆಯು 2014ರಲ್ಲಿ ನಿಂತುಹೋಯಿತು. ಇದರ ಎಂಜಿನು ಮುಂಭಾಗದಲ್ಲಿದೆ. ಎಂಜಿನಿನ ಶಕ್ತಿಯು ಕ್ಲಚ್ಚು, ಗೇರುಪೆಟ್ಟಿಗೆ ಮತ್ತು ಉದ್ದವಾದ ಪ್ರೊಪೆಲ್ಲರ್ ಷಾಫ್ಟುಗಳ ಮೂಲಕ ಹಿಂದಿನ ಚಕ್ರಗಳನ್ನು ಸೇರುತ್ತದೆ.

ಗೇರುಪೆಟ್ಟಿಗೆಯ ತಳದಲ್ಲಿ ಕೀಲೆಣ್ಣೆ ತುಂಬಿರುತ್ತದೆ. ಅಲ್ಲಿರುವ ಕೆಳದಂಡದ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತ, ಅದನ್ನು ಮೇಲಿನ ದಂಡಕ್ಕೂ ಬೇರಿಂಗುಗಳಿಗೂ ಎರಚುತ್ತವೆ. ಈ ಕೆಳದಂಡವನ್ನು ತಿರುಗಿಸುವುದು ಎಂಜಿನು. ಈಗ ಗೇರನ್ನು ನ್ಯೂಟ್ರಲ್ಲಿನಲ್ಲಿರಿಸಿ ಕಾರನ್ನು ಎಳೆದೆವೆನ್ನೋಣ. ಉರುಳುವ ಹಿಂದಿನ ಚಕ್ರಗಳು ಪ್ರೊಪೆಲ್ಲರ್ ಷಾಫ್ಟನ್ನೂ ಅದಕ್ಕೆ ಸೇರಿದ ಮೇಲಿನ ದಂಡವನ್ನೂ ತಿರುಗಿಸುವುವು; ಕೆಳದಂಡವಾದರೋ ನಿಶ್ಚಲವಾಗಿಯೇ ಇರುವುದು. ಎಣ್ಣೆಯು ತಳದಲ್ಲಿಯೇ ಉಳಿಯುವುದು. ಸ್ವಲ್ಪ ದೂರ ನಿಧಾನವಾಗಿ ಎಳೆದರೆ ಬಾಧಕವಿಲ್ಲ. ಆದರೆ ಬಹುದೂರ ವೇಗವಾಗಿ ಎಳೆದರೆ ಘರ್ಷಣೆಯಿಂದ ಶಾಖ ಹೆಚ್ಚಿ ಬೇರಿಂಗುಗಳು ಕೆಡುತ್ತವೆ. ತಾನಾಗಿಯೇ ಗೇರು ಬದಲಾಯಿಸಿಕೊಳ್ಳುವ ಕಾರುಗಳಲ್ಲಿ ಎಣ್ಣೆಯ ಪಂಪನ್ನು ಸಾಮಾನ್ಯವಾಗಿ ಎಂಜಿನೇ ನಡೆಸುವುದರಿಂದ ಅಪಾಯವು ಇನ್ನೂ ಹೆಚ್ಚು.

ಹಾಗಾದರೆ ಪರಿಹಾರವೇನು? ಎಂಜಿನು ತಿರುಗಿಸುವ ಚಕ್ರಗಳನ್ನು ನೆಲದಿಂದ ಎತ್ತಬೇಕು. ಅಂಬಾಸಡರಿನಲ್ಲಿ ಹಿಂಭಾಗವನ್ನು ಎತ್ತಿ, ಮುಂದಿನ ಚಕ್ರಗಳು ಅತ್ತಿತ್ತ ಹೊರಳದಂತೆ ಸ್ಟಿಯರಿಂಗನ್ನು ನೇರವಾಗಿ ಬಿಗಿಯಬೇಕು. ಇಲ್ಲವೇ ಪ್ರೊಪೆಲ್ಲರ್ ಷಾಫ್ಟನ್ನು ಬಿಚ್ಚಿಡಬೇಕು. 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯು ಹೊರತಂದ ಟ್ರಾಕ್ಷನ್ ಅವಾಂ ಕಾರಿನಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ನಡೆಸುವುದರಿಂದ ಅದರ ಮುಂಭಾಗವನ್ನು ಎತ್ತಬೇಕಾಗುತ್ತದೆ.

ಇನ್ನು ಹಗ್ಗದ ವಿಚಾರ. ಸಮತಲವಾದ ರಸ್ತೆಯಲ್ಲಿ ಸುಮಾರು 1,100 ಕಿಲೋಗ್ರಾಂ ತೂಕದ ಕಾರನ್ನು ಒಂದೇ ವೇಗದಲ್ಲಿ ಎಳೆಯಲು ಅದರ ತೂಕದ ನೂರರಲ್ಲಿ ಒಂದೆರಡು ಪಾಲಿನಷ್ಟು ಬಲ ಸಾಕು. ಆದರೆ ಸಡಿಲವಾಗಿದ್ದ ಹಗ್ಗವು ಥಟ್ಟನೆ ಬಿಗಿದು, ನಿಂತ ಕಾರಿಗೆ 0.1 ಸೆಕೆಂಡಿನಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗವನ್ನು ಕೊಟ್ಟಿತೆಂದು ಲೆಕ್ಕಹಾಕೋಣ. ಆಗ ಬೇಕಾಗುವ ಸರಾಸರಿ ಬಲವು ಸುಮಾರು 30,000 ನ್ಯೂಟನ್. ಎಂದರೆ 3,000 ಕಿಲೋಗ್ರಾಂ ಭಾರಕ್ಕೆ ಸಮ! ಇಂತಹ ಒಂದೇ ಜಗ್ಗಿಗೆ ಬಂಪರು ಕಿತ್ತುಬರಬಹುದು. ಆದುದರಿಂದ ಹಗ್ಗವನ್ನು ಬಂಪರಿಗೆ ಬಿಗಿಯದೆ, ಕಾರಿನ ಅಡಿಯಲ್ಲಿರುವ ಗಟ್ಟಿಯಾದ ಚೌಕಟ್ಟಿಗೆ ಬಿಗಿಯಬೇಕು. ಹಗ್ಗವು ಬಿಗಿಯುವವರೆಗೆ ಮುಂದಿನ ಗಾಡಿಯನ್ನು ಅತಿ ನಿಧಾನವಾಗಿ ನಡೆಸಬೇಕು.

ದೂರದ ಪ್ರಯಾಣಕ್ಕೆ ಕಾರನ್ನು ಸಮತಟ್ಟಾದ ಲಾರಿಯ ಮೇಲೆ ಹೇರಿ ಒಯ್ಯುವುದೇ ಸರ್ವೋತ್ತಮ. ಅಲ್ಲಿಯೂ ಪಟ್ಟಿಗಳನ್ನು ಕಾರಿನ ಮೈಗೆ ಕಟ್ಟದೆ ಚಕ್ರಗಳಿಗೆ ಕಟ್ಟಬೇಕು. ಮೈಗೆ ಕಟ್ಟಿದರೆ, ಹಳ್ಳದಿಣ್ಣೆಗಳಲ್ಲಿ ಸ್ಪ್ರಿಂಗುಗಳು ಕುಗ್ಗಿದಾಗ ಪಟ್ಟಿಯು ಸಡಿಲಗೊಂಡು, ಅವು ಹಿಗ್ಗಿದಾಗ ಮತ್ತೆ ಥಟ್ಟನೆ ಬಿಗಿಯುತ್ತದೆ; ಹಗ್ಗದಲ್ಲಿ ಕಂಡ ಜಗ್ಗೇ ಇಲ್ಲಿಯೂ ಮರುಕಳಿಸುತ್ತದೆ.

ಕೆಟ್ಟ ಕಾರನ್ನು ಎಳೆಯುವ ಮುನ್ನ ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಚಕ್ರಗಳೊಡನೆ ಒಳಗೆ ಏನೇನು ತಿರುಗುವುದು? ಅದಕ್ಕೆ ಎಣ್ಣೆಯುಣಿಸುವವರು ಯಾರು? ಇವಕ್ಕೆ ಉತ್ತರ ತಿಳಿದವನ ಕೈಯಲ್ಲಿ ಹಳೆಯ ಕಾರು ಕ್ಷೇಮವಾಗಿ ಮನೆ ಸೇರುವುದು.